ಪಡಖಾನೆಯ ಮುಂದಣ ಬಯಲು

ತಾರಮಂಗಲದ ಕೈಲಾಸನಾಥ ದೇವಾಲಯದ ಶಿಲ್ಪವೈಭವವನ್ನು ಕಂಡು ಬೆರಗಾಗದವರಿಲ್ಲ. ಆದರೆ ಸೇಲಂ ಸೀಮೆಯ ಚರಿತ್ರೆ ದೇವಾಲಯದ ಪ್ರಾಕಾರದೊಳಗೆ ಮಾತ್ರ ನಡೆದುದಲ್ಲ. ಹೆಂಡದಂಗಡಿಯ ಮುಂದಣ ಬಯಲಿಗೂ ಒಂದು ಚರಿತ್ರೆಯುಂಟು. ಅದನ್ನು ಬರೆಯಲು ಪಂಡಿತರು ಸಂಕೋಚಪಟ್ಟಿರಬಹುದು, ನಾವು ಪಡಬೇಕಾಗಿಲ್ಲ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿಯೋ ಹೊಲದಲ್ಲಿಯೋ ದುಡಿದವನಿಗೆ ಪಡಖಾನೆಯು ಕುಡಿಯುವ ಎಡೆ ಮಾತ್ರವಾಗಿರಲಿಲ್ಲ. ನಾಲ್ಕು ಜನರೊಡನೆ ಕುಳಿತು ಮಾತಾಡಲು, ಹಾಡು ಕೇಳಲು ಅವನಿಗಿದ್ದ ಎಡೆಯೂ ಅದೇ.

ಆಂಗ್ಲರ ಆಡಳಿತವು ಈ ಎರಡನ್ನೂ ಬೇರೆ ಬೇರೆ ಕಟ್ಟಳೆಗಳಿಂದ ಹಿಡಿಯಿತು. ಮದ್ಯಕ್ಕೆ 1886ರ ಮದರಾಸು ಅಬಕಾರಿ ಕಾಯಿದೆ. ವಿನೋದಕ್ಕೆ 1888ರ ಸಾರ್ವಜನಿಕ ವಿಹಾರಸ್ಥಳಗಳ ಕಾಯಿದೆ. ಎರಡನೆಯದರಲ್ಲಿ ಒಂದು ವಿಶೇಷವಿದೆ. ಐನೂರು ಚದರಡಿಗೆ ಕಡಮೆಯಿಲ್ಲದ ಕಟ್ಟಡಕ್ಕೆ ಅಥವಾ ಸುತ್ತಲೂ ಆವರಣವುಳ್ಳ ಸ್ಥಳಕ್ಕೆ ಮಾತ್ರ ಅದು ಲೈಸೆನ್ಸನ್ನು ಬೇಡುತ್ತಿತ್ತು. ತೆರೆದ ಬಯಲಿನ ತೆರುಕೂತ್ತಿಗೆ, ನಮ್ಮ ಮಾತಿನಲ್ಲಿ ಬಯಲಾಟಕ್ಕೆ, ಆ ಬಲೆ ತಗುಲುತ್ತಿರಲಿಲ್ಲ. ಗೋಡೆಯಿಲ್ಲದುದನ್ನು ಕಾನೂನು ಹಿಡಿಯುವುದಾದರೂ ಹೇಗೆ? ಇನ್ನು ಅಂಗಡಿಯ ಹಕ್ಕಿನಿಂದ ಬಂದ ಹಣ ಸರ್ಕಾರದ ಬೊಕ್ಕಸಕ್ಕೆ ಸೇರುತ್ತಿತ್ತು. ಅಂಗಡಿಯ ಮುಂದಣ ಗಲಭೆ ಊರಿನ ಪಾಲಿಗೆ ಉಳಿಯುತ್ತಿತ್ತು.

ಈ ಅನ್ಯಾಯವನ್ನು ಹತ್ತಿರದಿಂದ ಕಂಡವರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರೂ ಒಬ್ಬರು. ಅವರು 1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. 1925ರಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳಯದಲ್ಲಿ ಗಾಂಧೀ ಆಶ್ರಮವನ್ನು ಸ್ಥಾಪಿಸಿ, ಪಾನನಿಷೇಧಕ್ಕೆಂದೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ನಡೆಸಿದರು. 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದೊಡನೆ, ಆ ವರ್ಷದ ಅಕ್ಟೋಬರ್ 1ರಂದು, ಪ್ರಾಂತದಲ್ಲಿಯೇ ಮೊದಲನೆಯದಾಗಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದರು. ಧರ್ಮಪುರಿ, ಕೃಷ್ಣಗಿರಿ, ಹೊಸೂರುಗಳೂ ಆಗ ಈ ಜಿಲ್ಲೆಗೇ ಸೇರಿದ್ದುವು. ಆದುದರಿಂದ ಇಲ್ಲಿನ ಕನ್ನಡಿಗರ ಮನೆಗಳೂ ಈ ಪ್ರಯೋಗದೊಳಗೆ ಬಂದುವು.

ಅಂಗಡಿಗೆ ಬೀಗ ಬಿದ್ದಿತು. ಆದರೆ ಸಂಜೆಗೆ ಬೀಗ ಹಾಕಲಾದೀತೆ? ಗಾಂಧೀಜಿಯವರು ಈ ತೊಡಕನ್ನು ಬಲ್ಲವರಾಗಿದ್ದರು. ದಣಿದ ಕೂಲಿಕಾರನು ವಿಶ್ರಮಿಸಿಕೊಳ್ಳಲು, ಅಗ್ಗದ ಒಳ್ಳೆಯ ಉಪಾಹಾರ ಪಡೆಯಲು, ಆಟಪಾಟಗಳಲ್ಲಿ ತೊಡಗಲು ವಿನೋದಗೃಹಗಳು ಬೇಕೆಂದು 1941ರ ತಮ್ಮ ರಚನಾತ್ಮಕ ಕಾರ್ಯಕ್ರಮದ ಪುಸ್ತಿಕೆಯಲ್ಲಿ ವಿವರಿಸಿದರು. ಹೆಂಡವನ್ನು ತೆಗೆದು ಬಯಲನ್ನು ಉಳಿಸುವ ಈ ವಿಚಾರವು ನಮಗೆ ನಿಷೇಧಕ್ಕಿಂತ ದೊಡ್ಡದಾಗಿ ತೋರುತ್ತದೆ. ನಿಷೇಧಿಸಲು ಒಂದು ಆಜ್ಞೆ ಸಾಕು. ವಿನೋದವನ್ನು ಒದಗಿಸಲು ಪ್ರತಿ ಸಂಜೆಯೂ ಯಾರಾದರೂ ಶ್ರಮಿಸಬೇಕು.

ಹಣದ ಮಾತೂ ಇತ್ತು. ಅಬಕಾರಿಯಲ್ಲಿ ಕಳೆದುದನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯ ಕಾಯಿದೆ ಬಂದಿತು. ಇಂದು ಎಲ್ಲರೂ ತೆರುವ ಈ ಬಗೆಯ ತೆರಿಗೆಯ ಬೇರನ್ನು ಹುಡುಕುತ್ತ ಹೋದರೆ ಸೇಲಂನ ಮುಚ್ಚಿದ ಪಡಖಾನೆಗಳ ಬಾಗಿಲಿಗೇ ಬಂದು ನಿಲ್ಲುತ್ತೇವೆ! ಯುದ್ಧಕಾಲದಲ್ಲಿ ಪಾನನಿಷೇಧವು ತಡೆಹಿಡಿಯಲ್ಪಟ್ಟಿತು. 1948ರಲ್ಲಿ ಇಡೀ ಪ್ರಾಂತಕ್ಕೆ ಹಬ್ಬಿತು. 1971ರಲ್ಲಿ ಸಡಿಲಿಸಲ್ಪಟ್ಟು 1974ರಲ್ಲಿ ಮರಳಿತು. 1981ರಲ್ಲಿ ಮತ್ತೆ ಸಡಿಲವಾಯಿತು. 2003ರಿಂದ ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟವನ್ನು ಸರ್ಕಾರದ ಟಾಸ್ಮಾಕ್ ಸಂಸ್ಥೆಯೇ ನಡೆಸುತ್ತ ಬಂದಿದೆ.

ಗಡಿಯಾಚೆ ಕರ್ನಾಟಕದಲ್ಲಿ ವಿವಾದವು ಬೇರೆ ರೂಪ ತಾಳಿತು. ಬೆಂಗಳೂರಿನ ಹೋಟೆಲುಗಳಲ್ಲಿ ‘ಲೈವ್ ಬ್ಯಾಂಡ್’ ಹಾಡು ಕುಣಿತಗಳಿಗೆ ಪೊಲೀಸ್ ಲೈಸೆನ್ಸು ಕಡ್ಡಾಯವೆಂದು 2005ರಲ್ಲಿ ಆಜ್ಞೆಯಾಯಿತು; ಮಾಲೀಕರು ಅದನ್ನು ಪ್ರಶ್ನಿಸಿದರು; 2018ರಲ್ಲಿ ಸುಪ್ರೀಂ ಕೋರ್ಟು ಆಜ್ಞೆಯನ್ನು ಎತ್ತಿಹಿಡಿಯಿತು. ತೆರೆದ ಬಯಲಿಗಾದರೋ 2000ದ ಶಬ್ದಮಾಲಿನ್ಯ ನಿಯಮಗಳು ಬಂದಿವೆ. 1888ರ ಕಾಯಿದೆಯು ಗೋಡೆಯನ್ನು ಹುಡುಕಿತು. ಇವು ಸದ್ದನ್ನು ಹುಡುಕುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ವಿಧಿಯು ಮದ್ಯದಂಗಡಿಯ ಅಂಗಳಕ್ಕೂ ಬಯಲಾಟದ ರಂಗಕ್ಕೂ ಒಂದೇ. ಕುಡಿತದ ಸೋಂಕೇ ಇಲ್ಲದೆ ಬೆಳಗಿನವರೆಗೂ ನಡೆಯುವ ಕೂತ್ತಿನವರು ಈಗ ಅನುಮತಿಗಾಗಿ ಅರ್ಜಿ ಹಿಡಿದು ನಿಲ್ಲಬೇಕಾಗಿದೆ.