ಪ್ರಾಚೀನ ಗ್ರಂಥಶಾಸನಗಳಲ್ಲಿ ರೋಗಿಯ ಹಕ್ಕು ಮತ್ತು ಹೊಣೆ

ಈಚೆಗೆ ಆಸ್ಪತ್ರೆಗಳ ಗೋಡೆಗಳ ಮೇಲೆ ರೋಗಿಗಳ ಹಕ್ಕುಗಳನ್ನೂ ಹೊಣೆಗಳನ್ನೂ ಸಾರುವ ಫಲಕಗಳು ಕಾಣಬರುತ್ತಿವೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೧೮ರಲ್ಲಿ ೧೭ ಹಕ್ಕುಗಳ ಸನ್ನದೊಂದನ್ನು ಸಿದ್ಧಪಡಿಸಿತು. ಇಂತಹ ಫಲಕಗಳನ್ನು ಕಂಡ ವಿದ್ವಾಂಸರಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಇದೆಲ್ಲವೂ ಪಶ್ಚಿಮದಿಂದ ಬಂದ ಹೊಸ ಸರಕು, ನಮ್ಮಲ್ಲಿ ರೋಗಿಯು ವೈದ್ಯನ ಕೈಗೊಂಬೆಯಾಗಿದ್ದನೆಂಬುದು ಒಂದು ಪಕ್ಷ. ಇದರಲ್ಲಿ ಹೊಸತೇನೂ ಇಲ್ಲ, ಎಲ್ಲವೂ ನಮ್ಮ ಋಷಿಗಳಿಗೆ ತಿಳಿದಿದ್ದುದೇ ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷದವರು ಗ್ರಂಥಗಳನ್ನು ಬಿಚ್ಚಿ ನೋಡಿದಂತೆ ತೋರುವುದಿಲ್ಲ. ಆದುದರಿಂದ ಆಕರಗಳು ಏನು ಹೇಳುತ್ತವೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಲಾಗಿದೆ.

ಮೊದಲು ರೋಗಿಯ ಹೊಣೆ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು ಹೇಳಲ್ಪಟ್ಟಿವೆ: ವೈದ್ಯ, ದ್ರವ್ಯ, ಉಪಚಾರಕ, ರೋಗಿ. ಒಂದೊಂದು ಪಾದಕ್ಕೆ ನಾಲ್ಕು ಗುಣಗಳಂತೆ ಒಟ್ಟು ೧೬ ಗುಣಗಳು. ಇವುಗಳಲ್ಲಿ ವೈದ್ಯನಿಗೇ ಪ್ರಾಧಾನ್ಯವೆಂಬುದು ನಿಜ. ಆದರೂ ರೋಗಿಯನ್ನು ಪಾದವೆಂದು ಎಣಿಸಿದ್ದರಿಂದಲೇ ಅವನು ಚಿಕಿತ್ಸೆಗೆ ಒಳಗಾಗುವ ಜಡವಸ್ತುವಲ್ಲ, ಅದನ್ನು ನಡೆಯಿಸುವವರಲ್ಲಿ ಒಬ್ಬನೆಂದು ಸಿದ್ಧವಾಗುತ್ತದೆ. ಅವನಿಗೆ ಹೇಳಿರುವ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬಿವು. ಎಂದರೆ ನಡೆದುದನ್ನು ನೆನಪಿಟ್ಟಿರುವುದು, ವೈದ್ಯನು ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ರೋಗವನ್ನು ತಿಳಿಯುವಂತೆ ಹೇಳಬಲ್ಲವನಾಗಿರುವುದು. ಇಂದಿನ ಫಲಕಗಳಲ್ಲಿ ಕಾಣುವ ರೋಗಿಯ ಮುಖ್ಯ ಹೊಣೆಗಳು ಈ ನಾಲ್ಕರಲ್ಲಿ ಬಹುಮಟ್ಟಿಗೆ ಅಡಗಿವೆ. ಅಲ್ಲದೆ ಜ್ಞಾಪಕತ್ವವೆಂಬ ಗುಣಕ್ಕೆ ಕೇಳುವ ಕಿವಿಯೊಂದು ಎದುರಿಗೆ ಇರಲೇಬೇಕು. ಹೇಳುವುದು ರೋಗಿಯ ಧರ್ಮವಾದರೆ ಕೇಳುವುದು ವೈದ್ಯನ ಧರ್ಮವೆಂಬುದು ಅರ್ಥಾಪತ್ತಿಯಿಂದಲೇ ಬರುತ್ತದೆ.

ಇಲ್ಲಿ ಸಂಹಿತೆಗಳಲ್ಲಿ ಒಂದು ಭೇದವುಂಟು. ಸುಶ್ರುತನು ಸೂತ್ರಸ್ಥಾನದ ೩೪ನೆಯ ಅಧ್ಯಾಯದಲ್ಲಿ ರೋಗಿಯು ದ್ರವ್ಯವಂತನಾಗಿರಬೇಕೆನ್ನುತ್ತಾನೆ. ಅಷ್ಟಾಂಗಹೃದಯದ ಮೊದಲನೆಯ ಅಧ್ಯಾಯದಲ್ಲಿ ವಾಗ್ಭಟನೂ ರೋಗಿಯ ಗುಣಗಳಲ್ಲಿ ಆಢ್ಯತೆಯನ್ನು, ಎಂದರೆ ಸಿರಿವಂತಿಕೆಯನ್ನು, ಸೇರಿಸಿದ್ದಾನೆ. ಚರಕನ ನಾಲ್ಕು ಗುಣಗಳಲ್ಲಿ ಹಣದ ಮಾತಿಲ್ಲ. ಆತುರಾಲಯದ ಕಟ್ಟಡವನ್ನೂ ಸಾಮಗ್ರಿಗಳನ್ನೂ ವಿಸ್ತಾರವಾಗಿ ವರ್ಣಿಸುವ ಸೂತ್ರಸ್ಥಾನದ ೧೫ನೆಯ ಅಧ್ಯಾಯದಲ್ಲಿಯೂ, ಆ ಸಾಮಗ್ರಿಗಳನ್ನು ಕೂಡಿಸಲಾರದ ದರಿದ್ರನು ಅವುಗಳಿಗಾಗಿ ಕಾಯದೆ ತನಗೆ ದೊರೆತಷ್ಟರಿಂದಲೇ ಚಿಕಿತ್ಸೆ ಪಡೆಯಬಹುದೆಂದು ಅವನು ಹೇಳುತ್ತಾನೆ. ದಾರುಣವಾದ ರೋಗಗಳು ಬಡವರನ್ನು ಬಿಡುವುದಿಲ್ಲವಷ್ಟೆ. ಇದು ಅನುಕಂಪವೇ ಹೊರತು ಹಕ್ಕಲ್ಲ. ಬಡವನಿಗೆ ದೊರೆಯದಿದ್ದ ಸಾಮಗ್ರಿಯನ್ನು ಒದಗಿಸುವವರು ಯಾರೆಂಬ ಪ್ರಶ್ನೆಗೆ ವೈದ್ಯಗ್ರಂಥವು ಉತ್ತರ ಕೊಡದು.

ಆ ಉತ್ತರವನ್ನು ಶಾಸನಗಳಲ್ಲಿ ಹುಡುಕಬೇಕು. ಪಾಲಾರಿನ ದಡದ ತಿರುಮುಕ್ಕೂಡಲಿನಲ್ಲಿ ದೊರೆತ, ೧೧ನೆಯ ಶತಮಾನದ ವೀರರಾಜೇಂದ್ರಚೋಳನ ಶಾಸನವು ೧೫ ಹಾಸಿಗೆಗಳ ಆತುರಶಾಲೆಯೊಂದನ್ನು ಹೇಳುತ್ತದೆ. ವೈದ್ಯ, ಶಸ್ತ್ರಕ್ರಿಯೆ ಮಾಡುವವ, ಮೂಲಿಕೆ ತರುವವರು, ಉಪಚಾರಿಕೆಯರು ಮೊದಲಾದವರಿಗೆ ಭತ್ತದ ಸಂಬಳ ಗೊತ್ತಾಗಿತ್ತು. ಆದರೆ ಅದು ದೇವಾಲಯದ ಪರಿವಾರಕ್ಕೂ ಅಲ್ಲಿನ ವಿದ್ಯಾರ್ಥಿಗಳಿಗೂ ಏರ್ಪಟ್ಟುದು. ನಮ್ಮ ಬಳ್ಳಿಗಾವೆಯ ಕೋಡಿಯ ಮಠದ ಕ್ರಿ. ಶ. ೧೧೬೨ರ ಶಾಸನದ ಧೋರಣೆ ಬೇರೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ನಾನಾ ಮತದ ಸಂನ್ಯಾಸಿಗಳು, ಕ್ಷಪಣಕರು ಇವರೆಲ್ಲರಿಗೂ ಅಲ್ಲಿ ಅನ್ನವುಂಟು. ಆ ಮಠವು ನಾನಾ ರೋಗಿಗಳಿಗೆ ಭೈಷಜ್ಯಸ್ಥಾನ, ಭಯಗೊಂಡ ಪ್ರಾಣಿಗಳಿಗೆಲ್ಲ ಅಭಯಸ್ಥಾನ ಎಂದು ವರ್ಣಿತವಾಗಿದೆ. ಕಾಳಾಮುಖ ಶೈವರ ಮಠವೊಂದು ಮತ ಕುಲಗಳನ್ನು ಕೇಳದೆ ರೋಗಿಯನ್ನು ಒಳಗೆ ಬಿಟ್ಟುಕೊಂಡುದು ಕನ್ನಡನಾಡಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಸುಶ್ರುತ ವಾಗ್ಭಟರು ರೋಗಿಯಿಂದ ಬಯಸಿದ ಧನವನ್ನು ಇಲ್ಲಿ ದಾನಶಾಸನವು ತಾನೇ ತುಂಬಿಕೊಟ್ಟಿತು.

ಇನ್ನು ತಪ್ಪು ಚಿಕಿತ್ಸೆಯ ಮಾತು. ಪ್ರಾಣಾಪಾಯವುಳ್ಳ ಚಿಕಿತ್ಸೆಯನ್ನು ತಿಳಿಸದೆ ಆರಂಭಿಸಿ ರೋಗಿಯು ಸತ್ತರೆ ವೈದ್ಯನಿಗೆ ಪೂರ್ವಸಾಹಸದಂಡ, ಅವನ ಕೆಲಸದ ದೋಷದಿಂದಲೇ ಸತ್ತರೆ ಮಧ್ಯಮದಂಡ ಎಂದು ಕೌಟಿಲ್ಯನು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ವಿಧಿಸುತ್ತಾನೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ಮಿಥ್ಯಾಚಾರಿಯಾದ ವೈದ್ಯನಿಗೆ ದಂಡವುಂಟು. ಈ ವಚನಕ್ಕೆ ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಆಯುರ್ವೇದವನ್ನು ಅರಿಯದೆ ಜೀವನಾರ್ಥವಾಗಿ ತಾನು ಬಲ್ಲೆನೆಂದು ಚಿಕಿತ್ಸೆಗೆ ಇಳಿಯುವವನೆಂದು ಅರ್ಥ ಹೇಳಿದ್ದಾನೆ. ಆದರೆ ಸ್ಮೃತಿಯ ದಂಡಕ್ರಮವನ್ನು ಮರೆಮಾಡಬಾರದು. ಪಶುವಿಗೆ ಕೆಟ್ಟ ಚಿಕಿತ್ಸೆ ಮಾಡಿದರೆ ಪ್ರಥಮ, ಮನುಷ್ಯನಿಗಾದರೆ ಮಧ್ಯಮ, ರಾಜಪುರುಷನಿಗಾದರೆ ಉತ್ತಮ ದಂಡ. ಒಂದೇ ನೋವಿಗೆ ಒಕ್ಕಲಿಗನ ಮೈಯಲ್ಲಿ ಒಂದು ಬೆಲೆ, ಅರಸನ ಆಳಿನ ಮೈಯಲ್ಲಿ ಇನ್ನೊಂದು ಬೆಲೆ. ಅಲ್ಲದೆ ದಂಡದ ಹಣ ಸೇರುವುದು ಅರಸನಿಗೆ. ಚರಕನ ವಿಮಾನಸ್ಥಾನದಲ್ಲಿ ರಾಜದ್ವೇಷಕ್ಕೆ ಗುರಿಯಾದವರಿಗೆ ಔಷಧ ಕೊಡಬಾರದೆಂದು ಶಿಷ್ಯನಿಗೆ ಕಟ್ಟಳೆಯಿರುವುದನ್ನೂ ಇದರ ಜೊತೆಗಿಟ್ಟು ನೋಡತಕ್ಕದ್ದು. ರೋಗಿಯ ಮನೆಯ ಗುಟ್ಟನ್ನು ಹೊರಗೆ ಹೇಳಕೂಡದೆಂಬ ಉತ್ತಮವಾದ ನಿಯಮವಿರುವುದೂ ಅದೇ ಪ್ರಕರಣದಲ್ಲಿಯೇ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಒಪ್ಪಿಗೆಯ ವಿಷಯ. ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಮುನ್ನ, ತೆಗೆಯದಿದ್ದರೆ ಮರಣ ನಿಶ್ಚಿತ, ತೆಗೆದರೂ ಸಂಶಯವಿದೆಯಾದುದರಿಂದ ಒಡೆಯನನ್ನು ಕೇಳಿ ಮಾಡಬೇಕೆಂದು ಸುಶ್ರುತನು ಹೇಳುತ್ತಾನೆ. ಉದರರೋಗದಲ್ಲಿ ವಿಷಪ್ರಯೋಗ ಮಾಡುವ ಮೊದಲು ಬಂಧುಗಳು, ಮಿತ್ರರು, ಹೆಂಡತಿ, ಬ್ರಾಹ್ಮಣರು, ಅರಸ, ಗುರುಗಳು ಇವರಿಗೆ ಸಂಶಯವನ್ನು ಬಾಯಿಬಿಟ್ಟು ಹೇಳಿ ಅನುಜ್ಞೆ ಪಡೆಯಬೇಕೆಂದು ಚರಕನ ಮತ. ಅಪಾಯವನ್ನು ಮುಚ್ಚದೆ ಹೇಳಿ ಅನುಮತಿ ಪಡೆಯಬೇಕೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. ಇದನ್ನು ಪಶ್ಚಿಮದ ಸರಕೆನ್ನುವವರು ಈ ಸ್ಥಲವನ್ನು ಓದಬೇಕು. ಆದರೆ ಆ ಪಟ್ಟಿಯನ್ನು ಮತ್ತೊಮ್ಮೆ ಎಣಿಸಿ ನೋಡಿದರೆ ಅದರಲ್ಲಿ ರೋಗಿಯ ಹೆಸರಿಲ್ಲ. ವಿಷವು ಇಳಿಯುವುದು ಯಾರ ಹೊಟ್ಟೆಗೋ ಅವನನ್ನು ಕೇಳಬೇಕೆಂದು ಹೇಳಿಲ್ಲ. ಎಲ್ಲವೂ ನಮ್ಮಲ್ಲಿಯೇ ಇತ್ತೆನ್ನುವವರು ಈ ಲೋಪವನ್ನು ಓದಬೇಕು.

ಈ ಲೋಪವನ್ನು ತುಂಬಿರುವುದು ನಮ್ಮ ಕಾಲದ ನ್ಯಾಯ. ಅರಿವಳಿಕೆಯಲ್ಲಿದ್ದ ರೋಗಿಣಿಯ ಪರವಾಗಿ ತಾಯಿಯು ಕೊಟ್ಟ ಒಪ್ಪಿಗೆಯು ಸಾಲದು, ರೋಗಿಣಿಯೇ ತಿಳಿದು ಒಪ್ಪಬೇಕಾಗಿತ್ತು ಎಂದು ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ತೀರ್ಪಿತ್ತಿತು. ಅದಕ್ಕೆ ಮೊದಲು ೧೯೯೬ರಲ್ಲಿ, ತುರ್ತಿನಲ್ಲಿ ಬಂದವನಿಗೆ ಸರ್ಕಾರಿ ಆಸ್ಪತ್ರೆಯು ಚಿಕಿತ್ಸೆಯನ್ನು ಒದಗಿಸದಿರುವುದು ಸಂವಿಧಾನದ ೨೧ನೆಯ ಅನುಚ್ಛೇದದ ಉಲ್ಲಂಘನವೆಂದು ಅದೇ ನ್ಯಾಯಾಲಯವು ಹೇಳಿತ್ತು. ಕೋಡಿಯ ಮಠವು ದಯೆಯಿಂದ ಕೊಟ್ಟುದನ್ನು ಇದು ಋಣವೆಂದು ಕೊಡಿಸಿತು.

ಆದರೂ ತೀರ್ಪು ಬೇರೆ, ನಡೆವಳಿ ಬೇರೆ. ಕೆಲವು ಕಾಲದ ಹಿಂದೆ ನಾನು ಕಣ್ಣಿನ ಶಸ್ತ್ರಕ್ರಿಯೆಗಾಗಿ ಒಂದು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚದಲ್ಲಿ ಹಳ್ಳಿಯ ಮುದುಕನೊಬ್ಬನಿದ್ದನು. ಅವನ ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆಯ ಪತ್ರವನ್ನು ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರು. ಅವರು ಹೋದ ಮೇಲೆ ಅವನು ನನ್ನ ಕಡೆ ತಿರುಗಿ, “ಇದ್ರಾಗೆ ಏನ್ ಬರ್ದವ್ರೆ ಸ್ವಾಮಿ?” ಎಂದು ಕೇಳಿದನು. ನನ್ನ ಕಣ್ಣಿಗೆ ಔಷಧ ಹಾಕಿದ್ದುದರಿಂದ ನಾನೂ ಅದನ್ನು ಓದಿ ಹೇಳಲಾರದೆ ಹೋದೆನು. ಗೋಡೆಯ ಮೇಲೆ ಹಕ್ಕುಗಳ ಫಲಕವೇನೋ ಇತ್ತು.

ಒಟ್ಟಿನಲ್ಲಿ ಹೇಳುವುದಾದರೆ, ರೋಗಿಯ ಹೊಣೆಯನ್ನು ನಮ್ಮ ಪೂರ್ವಿಕರು ನೇರವಾಗಿ ಹೇಳಿದರು. ಅವನ ಹಕ್ಕನ್ನು ವೈದ್ಯನ ಕಟ್ಟಳೆಯಾಗಿ, ಅರಸನ ದಂಡವಾಗಿ, ದಾನಿಯ ಪುಣ್ಯವಾಗಿ ಹೇಳಿದರು. ಹಕ್ಕು ಎಂಬ ಮಾತೇ ನಮಗೆ ಅರಬ್ಬಿಯಿಂದ ಬಂದುದು. ಶಾಸ್ತ್ರದ ಅಧಿಕಾರಶಬ್ದಕ್ಕೆ ಯೋಗ್ಯತೆಯೆಂಬುದೇ ಮುಖ್ಯಾರ್ಥ. ಅರಸನೂ ದಾನಿಯೂ ಒಳ್ಳೆಯವರಾದಲ್ಲಿ ರೋಗಿಗೆ ರಕ್ಷಣೆಯಿತ್ತು. ಇಲ್ಲದಲ್ಲಿ ತಾನೇ ಕೇಳಿ ಪಡೆಯುವ ದಾರಿ ಅವನಿಗಿರಲಿಲ್ಲ. ಆ ದಾರಿಯನ್ನು ಇಂದಿನ ಕಾನೂನು ತೆರೆದಿದೆ. ಆದರೆ ಚರಕನು ಬಯಸಿದ ಜ್ಞಾಪಕತ್ವವು, ರೋಗಿಯು ತನ್ನ ಮಾತಿನಲ್ಲಿ ಹೇಳುವುದೂ ಅವನ ಮಾತಿನಲ್ಲಿಯೇ ಅವನಿಗೆ ತಿಳಿಸುವುದೂ ನಡೆದಲ್ಲದೆ ಫಲಿಸುವುದಿಲ್ಲ. ವೈದ್ಯದ ಮಾತುಗಳನ್ನು ತಿಳಿಯಾದ ಕನ್ನಡದಲ್ಲಿ ಒದಗಿಸಿಕೊಡುವುದು ಭಾಷೆಯನ್ನು ಕಲಿಸುವ ನಮ್ಮೆಲ್ಲರ ಪಾಲಿಗೆ ಬಂದಿರುವ ಕೆಲಸ.