ಬೀಗ ಮುರಿದವರು, ಒಳಬಂದವರು

ಹಣ ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಿ ನೋಡುವುದೂ ಬೇಕಾದಂತೆ ಬದಲಿಸಿಕೊಳ್ಳುವುದೂ ನಮ್ಮ ಹಕ್ಕು. ಹೊಲಿಗೆ ಯಂತ್ರ, ಸೈಕಲ್ಲು, ರೇಡಿಯೋಗಳ ಕಾಲದಲ್ಲಿ ಈ ಮಾತಿಗೆ ಯಾರ ತಕರಾರೂ ಇರಲಿಲ್ಲ. 2007ರ ಜೂನ್ 29ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಪಲ್ ಕಂಪೆನಿಯ ಐಫೋನ್ ಈ ಸರಳ ನಂಬಿಕೆಯನ್ನು ಅಲುಗಾಡಿಸಿತು. ಅದಕ್ಕೆ ಎರಡು ಬೀಗಗಳಿದ್ದವು. ಅಲ್ಲಿ ಎಟಿ ಅಂಡ್ ಟಿ ಕಂಪೆನಿಯ ಸಿಮ್ ಬಿಟ್ಟರೆ ಬೇರೆಯದು ಅದರಲ್ಲಿ ನಡೆಯುತ್ತಿರಲಿಲ್ಲ. ಆಪಲ್ ತಾನೇ ತುಂಬಿಕೊಟ್ಟ ತಂತ್ರಾಂಶಗಳ ಹೊರತು ಇನ್ನೊಂದನ್ನು ಹಾಕಿಕೊಳ್ಳಲೂ ಆಗುತ್ತಿರಲಿಲ್ಲ.

ಬೀಗವಿದ್ದಲ್ಲಿ ಅದನ್ನು ಮುರಿಯುವವರೂ ಹುಟ್ಟಿಕೊಳ್ಳುತ್ತಾರೆ. ಅದೇ ವರ್ಷದ ಆಗಸ್ಟಿನಲ್ಲಿ ನ್ಯೂಜೆರ್ಸಿಯ 17ರ ಹರೆಯದ ಜಾರ್ಜ್ ಹಾಟ್ಜ್ ಮೊದಲ ಬೀಗವನ್ನು ತೆಗೆದು ತೋರಿಸಿದ. ಎರಡನೆಯದೂ ಬಹುಕಾಲ ಉಳಿಯಲಿಲ್ಲ. ಆ ಕೆಲಸಕ್ಕೆ ‘ಜೈಲ್‌ಬ್ರೇಕ್’, ಅಂದರೆ ಸೆರೆಮನೆ ಮುರಿಯುವುದು ಎಂಬ ಹೆಸರು ಬಿತ್ತು. ಹೀಗೆ ಬಿಡುಗಡೆಗೊಂಡ ಫೋನುಗಳಿಗೆ ತಂತ್ರಾಂಶ ಒದಗಿಸಲು ಜೇ ಫ್ರೀಮನ್ ಎಂಬವರು 2008ರ ಆರಂಭದಲ್ಲಿ ‘ಸಿಡಿಯಾ’ವನ್ನು ಹೊರತಂದರು. ಆಪಲ್ ತನ್ನದೇ ಆ್ಯಪ್ ಅಂಗಡಿಯನ್ನು ತೆರೆದದ್ದು ಅದಾದ ನಂತರ, ಆ ವರ್ಷದ ಜುಲೈಯಲ್ಲಿ. ಭಾರತಕ್ಕೆ ಐಫೋನ್ ಅಧಿಕೃತವಾಗಿ ಬಂದದ್ದು ಆಗಸ್ಟ್ 22ರಂದು. ಅದಕ್ಕೆ ಮೊದಲು ಇಲ್ಲಿ ಕಾಣುತ್ತಿದ್ದ ಐಫೋನುಗಳಲ್ಲಿ ಬಹುಪಾಲು ಹೊರದೇಶದಿಂದ ಬಂದು ಬೀಗ ಮುರಿಸಿಕೊಂಡವೇ ಆಗಿದ್ದವು. ಆದ್ದರಿಂದ ಬೀಗ ಮುರಿದವರನ್ನೆಲ್ಲ ಕಿಡಿಗೇಡಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜನರಿಗೆ ಬೇಕಾದುದನ್ನು ಕಂಪೆನಿಗಿಂತ ಮೊದಲೇ ಕಂಡುಕೊಂಡವರು ಅವರಲ್ಲಿದ್ದರು.

ಆದರೆ ಬೀಗ ಮುರಿದ ಬಾಗಿಲು ಒಡೆಯನಿಗಷ್ಟೇ ತೆರೆದಿರುವುದಿಲ್ಲ. ಮೊದಲ ಪೆಟ್ಟು ಕಂಪೆನಿಯಿಂದಲೇ ಬಂತು. 2007ರ ಸೆಪ್ಟೆಂಬರಿನಲ್ಲಿ ಆಪಲ್ ಮುಂಚಿತವಾಗಿ ಎಚ್ಚರಿಸಿ ಹೊಸ ಆವೃತ್ತಿಯ ತಂತ್ರಾಂಶವನ್ನು ಕಳುಹಿಸಿದಾಗ, ಬೀಗ ತೆಗೆಸಿದ ಅನೇಕ ಫೋನುಗಳು ಇಟ್ಟಿಗೆಯಂತೆ ನಿರ್ಜೀವವಾದವು. ಎರಡನೆಯ ಪೆಟ್ಟು ಬಳಕೆದಾರರ ಅಜಾಗರೂಕತೆಯದು. ಬೀಗ ಮುರಿದವರಲ್ಲಿ ಹಲವರು ದೂರದಿಂದ ಫೋನಿನೊಳಕ್ಕೆ ಹೋಗಲು ನೆರವಾಗುವ ತಂತ್ರಾಂಶವೊಂದನ್ನು ಹಾಕಿಕೊಳ್ಳುತ್ತಿದ್ದರು. ಅದರ ಗುಪ್ತಪದ ಎಲ್ಲ ಐಫೋನುಗಳಲ್ಲೂ ಒಂದೇ, ‘ಆಲ್ಪೈನ್’. ಅದನ್ನು ಬದಲಿಸುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. 2009ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ 21 ವರ್ಷದ ಯುವಕನೊಬ್ಬ ಬಿಟ್ಟ ‘ಐಕೀ’ ಎಂಬ ಹುಳು ಅಂತಹ ಫೋನುಗಳ ತೆರೆಯ ಮೇಲೆ ಗಾಯಕ ರಿಕ್ ಆಸ್ಟ್ಲಿಯ ಚಿತ್ರ ಅಂಟಿಸುತ್ತಾ ಹರಡಿತು. ಜನ ನಕ್ಕರು. ಅದೇ ತಿಂಗಳು ಅದೇ ದಾರಿಯಲ್ಲಿ ಬಂದ ಇನ್ನೊಂದು ಹುಳು ನೆದರ್‌ಲ್ಯಾಂಡ್ಸಿನ ಐಎನ್‌ಜಿ ಬ್ಯಾಂಕಿನ ಗ್ರಾಹಕರಿಗೆ ಗಾಳ ಹಾಕಿತು. ಆಗ ನಗು ನಿಂತಿತು.

2010ರ ಜುಲೈಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಜೈಲ್‌ಬ್ರೇಕಿಗೆ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಿಂದ ವಿನಾಯಿತಿ ನೀಡಿತು. ಕಾನೂನಿನ ತೊಡಕು ನೀಗಿತು, ಅಪಾಯ ನೀಗಲಿಲ್ಲ. 2015ರ ಆಗಸ್ಟಿನಲ್ಲಿ ಚೀನಾದಲ್ಲಿ ಪತ್ತೆಯಾದ ‘ಕೀರೈಡರ್’ ಎಂಬ ಕುತಂತ್ರಾಂಶವು ಬೀಗ ಮುರಿದ ಫೋನುಗಳಿಂದ 2,25,000ಕ್ಕೂ ಹೆಚ್ಚು ಆಪಲ್ ಖಾತೆಗಳ ಗುಪ್ತಪದಗಳನ್ನು ಕದ್ದಿತ್ತು. ಅದು ಹರಡಿದ್ದು ಸಿಡಿಯಾದ ಮೂಲಕ ಸಿಗುತ್ತಿದ್ದ ಅನಧಿಕೃತ ತಂತ್ರಾಂಶಗಳ ಒಳಗೆ ಅಡಗಿಕೊಂಡು.

ಮರುವರ್ಷದ ಘಟನೆ ಇನ್ನೂ ಗಂಭೀರವಾದುದು. 2016ರ ಆಗಸ್ಟಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸಿನ ಮಾನವ ಹಕ್ಕುಗಳ ಹೋರಾಟಗಾರ ಅಹ್ಮದ್ ಮನ್ಸೂರ್ ಅವರ ಫೋನಿಗೆ ಒಂದು ಸಂದೇಶ ಬಂತು. ಅಲ್ಲಿನ ಜೈಲುಗಳಲ್ಲಿ ನಡೆಯುವ ಚಿತ್ರಹಿಂಸೆಯ ಗುಟ್ಟು ಈ ಕೊಂಡಿಯಲ್ಲಿದೆ ಎಂಬ ಆಮಿಷ. ಅವರು ಅದನ್ನು ಒತ್ತದೆ ಟೊರಾಂಟೋ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳುಹಿಸಿದರು. ಒತ್ತಿದ್ದರೆ ಅವರ ಫೋನು ಅವರಿಗೇ ತಿಳಿಯದಂತೆ ಜೈಲ್‌ಬ್ರೇಕ್ ಆಗಿ, ಇಸ್ರೇಲಿನ ಎನ್‌ಎಸ್‌ಒ ಕಂಪೆನಿಯ ‘ಪೆಗಾಸಸ್’ ಗೂಢಚಾರ ತಂತ್ರಾಂಶ ಒಳಸೇರುತ್ತಿತ್ತು. ಸ್ವಾತಂತ್ರ್ಯಕ್ಕಾಗಿ ಕಂಡುಹಿಡಿದ ವಿದ್ಯೆ ಸ್ವಾತಂತ್ರ್ಯ ಕೇಳಿದವರ ಬೆನ್ನು ಹತ್ತಿತ್ತು. 2018ರಲ್ಲಿ ಮನ್ಸೂರ್‌ಗೆ ಹತ್ತು ವರ್ಷಗಳ ಜೈಲು ಶಿಕ್ಷೆಯಾಯಿತು.

ಹಾಗಾದರೆ ಕೀಲಿಯನ್ನು ಕಂಪೆನಿಯ ಕೈಯಲ್ಲೇ ಬಿಟ್ಟು ಸುಮ್ಮನಿರಬೇಕೆ? ಹಾಗೆಂದು ನಾವು ಹೇಳುವುದಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಇಡೀ ಮಾರುಕಟ್ಟೆಗೇ ಬೀಗ ಜಡಿಯುವುದನ್ನು ಯುರೋಪಿಯನ್ ಒಕ್ಕೂಟ ಕಾನೂನಿನ ಮೂಲಕವೇ ತಡೆಯಿತು. 2024ರ ಮಾರ್ಚಿನಿಂದ ಅಲ್ಲಿನ ಐಫೋನುಗಳಲ್ಲಿ ಬೇರೆ ಆ್ಯಪ್ ಅಂಗಡಿಗಳಿಗೂ ಅವಕಾಶ ಸಿಕ್ಕಿತು. ಹಕ್ಕನ್ನು ಪಡೆಯುವ ಸರಿಯಾದ ದಾರಿ ಅದು. ಗೋಡೆ ಕೊರೆದು ಪಡೆದ ಹಕ್ಕಿಗೆ ಕಾವಲುಗಾರನಿರುವುದಿಲ್ಲ.

ಇದು ದೂರದೇಶದ ಕತೆಯೆಂದು ನಾವು ನಿರಾಳವಾಗಿರುವಂತಿಲ್ಲ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಅಧಿಕೃತ ಅಂಗಡಿಯ ಹೊರಗಿನ ಆ್ಯಪ್ ಹಾಕಿಕೊಳ್ಳಲು ಅದರಲ್ಲಿ ಬೀಗ ಮುರಿಯುವ ಅಗತ್ಯವೇ ಇಲ್ಲ, ಒಂದು ಒಪ್ಪಿಗೆ ಒತ್ತಿದರೆ ಸಾಕು. ಮದುವೆಯ ಕರೆಯೋಲೆ, ವಾಹನದ ದಂಡದ ಚೀಟಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳು ಕೇಳುವುದು ಈ ಒಪ್ಪಿಗೆಯನ್ನೇ. ಇಂದು ನಮ್ಮ ಬ್ಯಾಂಕು, ಮನೆಮಂದಿಯ ಚಿತ್ರ, ಆಪ್ತರ ಮಾತು ಎಲ್ಲವೂ ಆ ಪುಟ್ಟ ಪೆಟ್ಟಿಗೆಯೊಳಗಿವೆ. ಅದರ ಬಾಗಿಲು ತೆರೆಯುವ ಮುನ್ನ ಹೊರಗೆ ನಿಂತವರು ಯಾರೆಂದು ಒಮ್ಮೆ ವಿಚಾರಿಸೋಣ.