ಬ್ರೌಸರಿಗೆ ಬೆಲೆಯಿದ್ದ ಕಾಲ

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಹೊರಬಂದ ಮೊಸಾಯಿಕ್ ಎಂಬ ಬ್ರೌಸರು ವಿದ್ಯಾರ್ಥಿಗಳಿಗೂ ವಿದ್ವಾಂಸರಿಗೂ ಉಚಿತವಾಗಿ ದೊರೆಯುತ್ತಿದ್ದಿತಾದರೂ, ಅದನ್ನು ರಚಿಸಿದ ಮಾರ್ಕ್ ಆಂಡ್ರೀಸೆನ್ ಮೊದಲಾದವರು ಮರುವರ್ಷ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ನಿರ್ಮಿಸಿದ ನ್ಯಾವಿಗೇಟರಿಗೆ ವ್ಯಾಪಾರಸಂಸ್ಥೆಗಳು ಹಣ ತೆರಬೇಕಾಗಿದ್ದಿತು. ಆ ಹಣ ನ್ಯಾಯವಾದುದೆಂದೇ ನನ್ನ ದೃಢವಾದ ಭಾವನೆ. ಏಕೆಂದರೆ ಶ್ರಮದ ಪ್ರತಿಫಲವನ್ನು ಬಳಸುವವನೇ ನೇರವಾಗಿ ಸಲ್ಲಿಸಿದಾಗ, ನಿರ್ಮಾಪಕನು ಉತ್ತರ ಹೇಳಬೇಕಾದುದು ಅವನೊಬ್ಬನಿಗೇ. ಆದರೆ ಮೈಕ್ರೋಸಾಫ್ಟ್ 1995ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹೊರತಂದು, ಕ್ರಮೇಣ ವಿಂಡೋಸ್‌ನೊಡನೆಯೇ ಬೆಲೆಯಿಲ್ಲದೆ ಕೊಡತೊಡಗಲು, 1998ರ ಜನವರಿಯಲ್ಲಿ ನೆಟ್‌ಸ್ಕೇಪೂ ಬೆಲೆಯನ್ನು ತ್ಯಜಿಸಿ, ತನ್ನ ಮೂಲಸಂಕೇತವನ್ನೇ ಲೋಕಕ್ಕೆ ತೆರೆದಿಡುವುದಾಗಿ ಸಾರಿತು; ಮೊಜಿಲ್ಲಾ ಯೋಜನೆ ಜನಿಸಿದ್ದು ಆ ನಿರ್ಧಾರದಿಂದ. ನಾರ್ವೆಯ ಒಪೆರಾ ಮಾತ್ರ, ಹಣ ತೆರಲೊಲ್ಲದವರಿಗೆ ಜಾಹೀರಾತು ತೋರಿಸುತ್ತ, 2005ರವರೆಗೂ ಬೆಲೆಯನ್ನು ಉಳಿಸಿಕೊಂಡಿದ್ದಿತು. ಅನಂತರದ ವರ್ಷಗಳಲ್ಲಿ ಮೊಜಿಲ್ಲಾದ ಫೈರ್‌ಫಾಕ್ಸಿಗೆ ಬಹುಪಾಲು ಆದಾಯ ಬಂದುದು ಬಳಸುವವರಿಂದಲ್ಲ, ಗೂಗಲ್‌ನಂಥ ಶೋಧಸಂಸ್ಥೆಗಳಿಂದ.